ಭಟ್ಟರ ಮನೆಯ ಮೇಲಿನ ಮೆಟ್ಟಿಲು

ಕಳಸದ ಬಸ್ ಸ್ಟ್ಯಾಂಡಿನಿಂದ ಏರು ಹತ್ತಿ ಎಡಕ್ಕೆ ತಿರುಗಿದರೆ ಸಿಗುವ ಓಣಿಯಲ್ಲಿ ಆದಾಯ ತೆರಿಗೆ ಕಟ್ಟುವವರು ಇದ್ದದ್ದು ಒಬ್ಬರೇ, ಉಮಾಮಹೇಶ್ವರ ಭಟ್ಟರು. ಉಳಿದವರೆಲ್ಲ ಕಾಫಿ, ಅಡಿಕೆ, ಮೆಣಸಿನವರು. ಬೇಸಾಯದ ದುಡ್ಡಿಗೆ ಆ ತೆರಿಗೆ ಇಲ್ಲ. ಹಾಗಾಗಿ ಫೆಬ್ರವರಿ ಬಂತೆಂದರೆ ಓಣಿಯವರು ಭಟ್ಟರನ್ನು ಕಾಯಿಲೆ ಬಿದ್ದವರನ್ನು ವಿಚಾರಿಸುವ ಹಾಗೆ ವಿಚಾರಿಸುತ್ತಿದ್ದರು. "ಈ ವರ್ಷವೂ ಬಂತಾ ಮಾಷ್ಟ್ರೇ? ಪಾಪ. ಎಂತಾದ್ರೂ ಮದ್ದು ಮಾಡ್ಬಹುದಿತ್ತು" ಎಂದು ಎರಡು ಜೀಪು ಇಟ್ಟುಕೊಂಡಿದ್ದ ಎದುರುಮನೆಯವರು ನಿಜವಾದ ಮರುಕದಿಂದಲೇ ಹೇಳುತ್ತಿದ್ದರು. ಭಟ್ಟರಿಗೆ ಆ ಮರುಕ ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ಭಟ್ಟರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಯಾವ ಹುಡುಗ ಏನೇ ಹೇಳಿದರೂ "ಪುರಾವೆ ಎಲ್ಲಿ?" ಎಂದು ಕೇಳುವುದು ಅವರ ಅಭ್ಯಾಸ. ಹೊಟ್ಟೆನೋವು ಎಂದರೆ ಪುರಾವೆ, ಬಸ್ಸು ತಪ್ಪಿತು ಎಂದರೆ ಪುರಾವೆ. ದೆವ್ವ, ದೃಷ್ಟಿ, ಶಕುನ ಇವುಗಳ ವಿಷಯಕ್ಕೆ ಬಂದರಂತೂ ಅವರ ಮೂಗಿನ ಹೊಳ್ಳೆ ಅರಳುತ್ತಿತ್ತು. ಇಂಥವರನ್ನು ಹೆತ್ತವರು ತ್ರಿಪುರಸುಂದರಮ್ಮ. ಅವರಿಗೆ ಜೀವನದಲ್ಲಿ ಒಂದೇ ಒಂದು ಪುರಾವೆ ಸಿಕ್ಕಿತ್ತು, ಅದೂ ಸಾಕಾಗಿಹೋಗುವಂಥದು.

ಆ ಪುರಾವೆ ಅವರ ಗಂಡ. ಮದುವೆ ಮುಂಜಿಗಳಿಗೆ ಅಡುಗೆ ಮಾಡಿ ಸೌಟು ಹಿಡಿದು ಸವೆದ ಆ ಮನುಷ್ಯ, ಭದ್ರಾ ಹೊಳೆಯ ಹತ್ತಿರ ಸಣ್ಣದೊಂದು ಮನೆಯನ್ನು ವರ್ಷಗಟ್ಟಲೆ ಕಟ್ಟಿದರು. ಕಟ್ಟುತ್ತಿದ್ದಷ್ಟು ಕಾಲ ಕಲ್ಲುಗುಂಡಿನ ಹಾಗೆ ಇದ್ದರು. ಮಾಡಿನ ನೆತ್ತಿಗೆ ಕೊನೆಯ ಹೆಂಚು ಇಟ್ಟು, ಕೆಳಗಿಳಿದು, "ಅಬ್ಬ, ಪೂರ್ತಿ ಆಯ್ತು" ಎಂದರು. ವಾರ ತುಂಬುವುದರೊಳಗೆ ತೀರಿಕೊಂಡರು. ಡಾಕ್ಟರು ಕಾಮಾಲೆ ಎಂದರು. ತ್ರಿಪುರಸುಂದರಮ್ಮ ಹೆಂಚು ಎಂದರು. ಮನೆ ಪೂರ್ತಿಯಾದರೆ ಅದರ ಯಜಮಾನನೂ ಪೂರ್ತಿಯಾಗುತ್ತಾನೆ ಎನ್ನುವುದು ಆ ಕಡೆ ಹಲವರು ನಂಬುವ ಮಾತು. ಅದಕ್ಕೇ ಎಷ್ಟೋ ಮನೆಗಳಲ್ಲಿ ಎಲ್ಲಾದರೂ ಒಂದು ಗೋಡೆಯ ತುಂಡಿಗೆ ಗಾರೆ ಬಿದ್ದಿರುವುದಿಲ್ಲ, ಒಂದು ಕಿಟಕಿಗೆ ಬಣ್ಣ ಇರುವುದಿಲ್ಲ. ಉಳಿದವರು ಅಷ್ಟು ಮಾಡಿ ಮರೆತುಬಿಡುತ್ತಾರೆ. ತ್ರಿಪುರಸುಂದರಮ್ಮ ಮರೆಯಲಿಲ್ಲ. ಅವತ್ತಿನಿಂದ ಅವರು ಯಾವ ಕೆಲಸವನ್ನೂ ಪೂರ್ತಿ ಮಾಡಿದವರಲ್ಲ. ದೋಸೆ ಹಿಟ್ಟಿನಲ್ಲಿ ಒಂದು ದೋಸೆಯಷ್ಟು ಉಳಿಯಬೇಕು. ಹೂ ಕಟ್ಟಿದರೆ ಬಾಳೆನಾರಿನ ತುದಿಯಲ್ಲಿ ಒಂದು ಮಲ್ಲಿಗೆ ಬಿಡಿಯಾಗಿರಬೇಕು. ಮೊಮ್ಮಗಳು ಗಾನಶ್ರೀಗೆ ಹೆಣೆದ ಸ್ವೆಟರಿಗೆ ಒಂದೇ ತೋಳಿತ್ತು. ಆ ಹುಡುಗಿ ಇಡೀ ಚಳಿಗಾಲ ಒಂದು ಕೈ ಬೆಚ್ಚಗೆ, ಒಂದು ಕೈ ತಣ್ಣಗೆ ಇಟ್ಟುಕೊಂಡು ಸ್ಕೂಲಿಗೆ ಹೋದಳು.

ಎರಡು ಸಾವಿರದ ಒಂದರ ಆರಂಭದಲ್ಲಿ ಭಟ್ಟರು ಬ್ಯಾಂಕಿನಲ್ಲಿ ಸಾಲ ಮಾಡಿ ಈ ಓಣಿಯಲ್ಲಿ ಮನೆ ಕಟ್ಟಲು ಹಿಡಿದರು. ಸಾಲ ಎಂದರೆ ಜನ ಮುಖ ಸಣ್ಣ ಮಾಡುತ್ತಾರೆ, ಭಟ್ಟರ ಮುಖ ಅರಳಿತು. ಯಾಕೆಂದರೆ ಓಣಿಯವರು ಕೇಳುತ್ತಿದ್ದ ಮದ್ದು ಅದೇ. ಮನೆ ಸಾಲಕ್ಕೆ ಕಟ್ಟುವ ಬಡ್ಡಿಯನ್ನು ಆದಾಯದಿಂದ ಕಳೆದು, ಮಿಕ್ಕಿದ್ದಕ್ಕೆ ಮಾತ್ರ ತೆರಿಗೆ ಕಟ್ಟಿದರಾಯಿತು. ಸ್ಟ್ಯಾಂಪ್ ಡ್ಯೂಟಿ, ನೋಂದಣಿಯ ಖರ್ಚಿಗೂ ಒಂದಿಷ್ಟು ರಿಯಾಯಿತಿ ಉಂಟು. ಎಲ್ಲ ಸೇರಿದರೆ ವರ್ಷಕ್ಕೆ ಹತ್ತಿರ ಹತ್ತಿರ ಒಂದು ತಿಂಗಳ ಸಂಬಳ ಉಳಿಯುವ ಲೆಕ್ಕ. ಭಟ್ಟರು ಇದನ್ನು ಹೆಂಡತಿ ಪ್ರೇಮಕುಮಾರಿಗೆ ಎಷ್ಟು ಸಲ ವಿವರಿಸಿದರೆಂದರೆ, ಆಕೆ ಸಾರಿಗೆ ಒಗ್ಗರಣೆ ಹಾಕುತ್ತಾ ಅದನ್ನು ಬಾಯಿಪಾಠ ಒಪ್ಪಿಸುವಂತಾಗಿದ್ದಳು.

ಮನೆ ಎದ್ದಿತು. ಗುರುವಯ್ಯ ಎನ್ನುವ ಗಾರೆ ಮೇಸ್ತ್ರಿ ಚೆನ್ನಾಗಿಯೇ ಕಟ್ಟಿದ. ಜಗುಲಿಗೆ ಹತ್ತುವ ಮೆಟ್ಟಿಲುಗಳಲ್ಲಿ ಮೇಲಿನದೊಂದು ಬಾಕಿ ಇದ್ದಾಗ ತ್ರಿಪುರಸುಂದರಮ್ಮ ಬಂದು ಅವನ ಕರಣೆ ಕಿತ್ತುಕೊಂಡು, "ಸಾಕು, ಇನ್ನು ನೀನು ಮನೆಗೆ ಹೋಗು" ಎಂದರು. ಗುರುವಯ್ಯ ಭಟ್ಟರ ಮುಖ ನೋಡಿದ. ಭಟ್ಟರು ಆಕಾಶ ನೋಡಿದರು. ಅಷ್ಟೇ, ಗೃಹಪ್ರವೇಶವೂ ಆಗಿಹೋಯಿತು. ಪುರೋಹಿತರು ಮೇಲಿನ ಮೆಟ್ಟಿಲಿಲ್ಲದ್ದು ತಿಳಿಯದೆ ಕಾಲಿಟ್ಟು, ಕಲಶದ ನೀರನ್ನೆಲ್ಲ ತಮ್ಮ ಮೈಮೇಲೆಯೇ ಪ್ರೋಕ್ಷಣೆ ಮಾಡಿಕೊಂಡರು. ಆಮೇಲೆ ಬಂದವರೆಲ್ಲ ಪಂಚೆ, ಸೀರೆ ಎತ್ತಿ ಕಟ್ಟಿಕೊಂಡು, ಜಗುಲಿಗೆ ಒಂದು ಜಿಗಿತ ಜಿಗಿಯುವುದನ್ನು ರೂಢಿ ಮಾಡಿಕೊಂಡರು. ಎಪ್ಪತ್ತು ದಾಟಿದ ತ್ರಿಪುರಸುಂದರಮ್ಮನೇ ಎಲ್ಲರಿಗಿಂತ ಚೆನ್ನಾಗಿ ಜಿಗಿಯುತ್ತಿದ್ದರು.

ಬ್ಯಾಂಕಿನಿಂದ ಬಡ್ಡಿಯ ಲೆಕ್ಕದ ಪತ್ರ ಕೈಗೆ ಸಿಗುವಷ್ಟರಲ್ಲಿ ಹೀಗೆ ಎರಡು ವರ್ಷ ಹೋಯಿತು. ಎರಡು ಸಾವಿರದ ನಾಲ್ಕರ ಜನವರಿಯಲ್ಲಿ ಹೆಡ್ ಮೇಷ್ಟ್ರು ಚಂದ್ರಶೇಖರಪ್ಪನವರು ಭಟ್ಟರನ್ನು ತಮ್ಮ ಕೋಣೆಗೆ ಕರೆದರು. ಸಂಬಳದಲ್ಲಿ ತೆರಿಗೆ ಮುರಿಯುವ ಅಧಿಕಾರ ಅವರದು.

"ಭಟ್ರೇ, ಬಡ್ಡಿ ಕಳೀಬೇಕು ಅಂತ ಬರ್ದಿದೀರಿ. ಮನೆ ಪೂರ್ತಿ ಆಗಿದೆಯಾ?"

"ವಾಸ ಮಾಡ್ತಾ ಇದೀವಲ್ಲ ಸಾರ್."

"ವಾಸ ಬಿಡಿ, ಜನ ಬಸ್ ಸ್ಟ್ಯಾಂಡಲ್ಲೂ ವಾಸ ಮಾಡ್ತಾರೆ. ಪೂರ್ತಿ ಆಗಿದೆ ಅನ್ನೋದಕ್ಕೆ ಪುರಾವೆ ಎಲ್ಲಿ?"

ಭಟ್ಟರ ಮಾತು ಭಟ್ಟರ ಮುಖಕ್ಕೇ ಬಂದಿತ್ತು. ಚಂದ್ರಶೇಖರಪ್ಪನವರು ತಿಳಿಸಿ ಹೇಳಿದರು. ಮನೆ ಪೂರ್ತಿಯಾದ ವರ್ಷದಿಂದ ಮಾತ್ರ ಬಡ್ಡಿ ಕಳೆಯಬಹುದು. ಅಷ್ಟರವರೆಗೆ ಕಟ್ಟಿದ ಹಳೆ ಬಡ್ಡಿಯನ್ನೂ ಐದು ವರ್ಷಕ್ಕೆ ಹಂಚಿ ಕಳೆಯಬಹುದು. ಆದರೆ ಸಾಲ ಮಾಡಿದ ಮೇಲೆ ಇಂತಿಷ್ಟು ವರ್ಷದೊಳಗೆ ಪೂರ್ತಿಯಾಗಬೇಕು, ಆ ಗಡುವು ಈ ಮಾರ್ಚ್ ಕೊನೆಗೆ ಮುಗಿಯುತ್ತದೆ. ದಾಟಿದರೆ ಸಿಗುವ ಕಡಿತ ಚೂರುಪಾರು ಮಾತ್ರ. "ಫೆಬ್ರವರಿ ಸಂಬಳದಲ್ಲಿ ನಾನು ಮುರೀಲೇಬೇಕು. ಮಾರ್ಚ್ ಒಳಗೆ ಪಂಚಾಯ್ತಿಯಿಂದ ಕಂಪ್ಲೀಷನ್ ಸರ್ಟಿಫಿಕೇಟ್ ತಗೊಳ್ಳಿ, ರಿಟರ್ನ್ ಹಾಕಿ ವಾಪಸ್ ತಗೋಬಹುದು" ಎಂದು ಅವರು ಕೈತೊಳೆದುಕೊಂಡರು.

ಪಂಚಾಯ್ತಿ ಸೆಕ್ರೆಟರಿ ಶಶಿಧರ್ ಹೊಸಬ. ಹಿಂದೆ ಘಟ್ಟದ ಕೆಳಗೆ ಯಾವುದೋ ಊರಿನಲ್ಲಿ ಯಾರೋ ಅವನಿಗೆ ಬೇರೆಯವರ ಮನೆ ತೋರಿಸಿ ಸರ್ಟಿಫಿಕೇಟ್ ಬರೆಸಿಕೊಂಡಿದ್ದರಂತೆ. ಅವತ್ತಿನಿಂದ ಅವನು ಗೋಡೆಯನ್ನು ಕೈಯಿಂದ ಗುದ್ದಿ ನೋಡದೆ ಗೋಡೆ ಎಂದು ಒಪ್ಪುತ್ತಿರಲಿಲ್ಲ. ಭಟ್ಟರ ಮನೆಗೆ ನಕ್ಷೆ ಹಿಡಿದು ಬಂದವನು ಮೆಟ್ಟಿಲು ಎಣಿಸಿದ, ನಕ್ಷೆ ನೋಡಿದ, ಮತ್ತೆ ಎಣಿಸಿದ.

"ಸಾರ್, ಮೇಲಿನ ಮೆಟ್ಲು ಎಲ್ಲಿ?"

"ಅದು ಬೇಡ ಅಂತ ಬಿಟ್ವಿ."

"ನಕ್ಷೇಲಿ ಉಂಟು. ನೆಲದಲ್ಲಿ ಇಲ್ಲ. ಹಾಗಾದ್ರೆ ಮನೆ ಅಪೂರ್ಣ" ಎಂದು ಶಶಿಧರ್ ಕೆಳಗಿಳಿಯುವಾಗ ಅಭ್ಯಾಸವಿಲ್ಲದೆ ಮುಗ್ಗರಿಸಿ, "ನೋಡಿ, ಇದೇ ಸಾಕ್ಷಿ" ಎಂದು ಮೊಣಕಾಲು ಉಜ್ಜಿಕೊಂಡು ಹೋದ.

ಒಳಗೆ ನಿಂತು ಕೇಳುತ್ತಿದ್ದ ತ್ರಿಪುರಸುಂದರಮ್ಮನಿಗೆ ಸಂತೋಷವೋ ಸಂತೋಷ. "ಅಪೂರ್ಣ ಅಂತ ಸರ್ಕಾರದವ್ರೇ ಹೇಳಿದ್ರಲ್ಲ ಮಾಣಿ! ಅದನ್ನೇ ಬರೆಸಿ ತಗೋ, ದೇವರ ಕೋಣೇಲಿ ಇಡ್ತೇನೆ" ಎಂದರು ಮಗನಿಗೆ.

ಭಟ್ಟರು ಮೊದಲು ಜಾಣತನ ಮಾಡಿದರು. ಮೆಟ್ಟಿಲು ಪೂರ್ತಿ ಮಾಡುವುದು, ಅದರ ಬದಲಿಗೆ ಅಂಗಳದಲ್ಲಿ ನಕ್ಷೆಗೆ ಸೇರದ ತುಳಸಿಕಟ್ಟೆಯೊಂದನ್ನು ಶುರುಮಾಡಿ ಅರ್ಧಕ್ಕೆ ಬಿಡುವುದು. ಸರ್ಕಾರಕ್ಕೆ ಮನೆ ಪೂರ್ಣ, ಅಮ್ಮನಿಗೆ ಅಪೂರ್ಣ. ಗುರುವಯ್ಯ ಬಂದು ಕಟ್ಟೆಗೆ ಪಾಯ ಹಾಕಿದ. ತ್ರಿಪುರಸುಂದರಮ್ಮ ಅದನ್ನು ಸುತ್ತು ಹಾಕಿ ನೋಡಿ, "ತುಳಸಿಕಟ್ಟೆಗೂ ಮನೆಗೂ ವ್ಯತ್ಯಾಸ ಗೊತ್ತಾಗದಷ್ಟು ದಡ್ಡನಾ ಯಮ?" ಎಂದರು. ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದ ಶಶಿಧರನ ಕಿವಿಗೂ ಸುದ್ದಿ ಬಿತ್ತು. "ನಿವೇಶನದಲ್ಲಿ ಕೆಲಸ ನಡೀತಾ ಇದ್ರೆ ಪೂರ್ತಿ ಅಂತ ಹೇಗೆ ಬರೀಲಿ ಸಾರ್?" ಎಂದು ಅವನೂ ತಲೆಯಾಡಿಸಿದ. ಯಮನೂ ಸೆಕ್ರೆಟರಿಯೂ ಒಂದೇ ಶಾಲೆಯಲ್ಲಿ ಕಲಿತವರು ಎಂದು ಭಟ್ಟರಿಗೆ ಖಾತ್ರಿಯಾಯಿತು. ತುಳಸಿಕಟ್ಟೆ ಒಡೆಸಿ, ಗುರುವಯ್ಯನಿಗೆ ಕಟ್ಟಿದ್ದಕ್ಕೊಂದು ಕೂಲಿ, ಒಡೆದದ್ದಕ್ಕೊಂದು ಕೂಲಿ ಕೊಟ್ಟರು.

ಎರಡನೇ ಸಲ ಸುಮ್ಮನೆ ಮೆಟ್ಟಿಲು ಕಟ್ಟಿಸಿಯೇಬಿಟ್ಟರು. ಹಸಿ ಸಿಮೆಂಟಿಗೆ ಗೋಣಿಚೀಲ ಹೊದಿಸಿ ಶಾಲೆಗೆ ಹೋಗಿ ಬರುವಷ್ಟರಲ್ಲಿ ತ್ರಿಪುರಸುಂದರಮ್ಮ ಅದನ್ನು ಒನಕೆಯಿಂದ ಕುಟ್ಟಿ ಹಿಟ್ಟು ಮಾಡಿದ್ದರು. "ಅತ್ತೆಗೆ ಬೇಡ ಅಂದೆ, ಕೇಳ್ಲಿಲ್ಲ" ಎಂದಳು ಪ್ರೇಮಕುಮಾರಿ. ಅವಳ ಸೀರೆಗೂ ಸಿಮೆಂಟು ಮೆತ್ತಿತ್ತು. ತಡೆಯುವಾಗ ಹತ್ತಿದ್ದೋ, ಕುಟ್ಟುವಾಗ ಹತ್ತಿದ್ದೋ, ಭಟ್ಟರು ಕೇಳಲಿಲ್ಲ.

ಅಂದು ತಾಯಿ ಮಗನಿಗೆ ಜೋರು ಜಗಳವಾಯಿತು.

"ಅಮ್ಮ, ವರ್ಷಕ್ಕೆ ಒಂದು ತಿಂಗಳ ಸಂಬಳ ಹೋಗ್ತದೆ. ಒಂದು ಮೆಟ್ಲಿಗೋಸ್ಕರ!"

"ಹೋಗ್ಲಿ. ಸಂಬಳ ಮತ್ತೆ ಬರ್ತದೆ. ನಿನ್ನ ಅಪ್ಪ ಬಂದ್ರಾ?"

"ಅಪ್ಪ ಹೋಗಿದ್ದು ಕಾಮಾಲೆಗೆ."

"ಕಾಮಾಲೆ ಊರಿಗೆಲ್ಲ ಬಂದಿತ್ತು. ಹೆಂಚು ಇಟ್ಟವ್ರು ಇವ್ರೊಬ್ರೇ."

ಇದಕ್ಕೆ ವಿಜ್ಞಾನದಲ್ಲಿ ಉತ್ತರ ಇದೆ. ಆದರೆ ಅಮ್ಮನ ಎದುರು ನಿಂತು ಹೇಳುವಂಥದಲ್ಲ.

ಮಾರ್ಚ್ ಅರ್ಧ ಕಳೆಯಿತು. ಕಾಫಿ ಗಿಡ ಅರಳಿಸುವ ಹೂವಿನ ಮಳೆ ಬಿದ್ದು ಓಣಿಯವರೆಲ್ಲ ಅದೇ ಮಾತಿನಲ್ಲಿ ಮುಳುಗಿದ್ದರೆ, ಭಟ್ಟರು ಊಟ ಬಿಟ್ಟು ಕುಳಿತಿದ್ದರು. ಅದನ್ನು ನೋಡಲಾಗದೆ ತ್ರಿಪುರಸುಂದರಮ್ಮನೇ ಒಂದು ದಾರಿ ತಂದರು. "ಮನೆ ನನ್ನ ಹೆಸರಿಗೆ ಮಾಡು. ಆಮೇಲೆ ಎಷ್ಟು ಮೆಟ್ಲಾದ್ರೂ ಕಟ್ಟು."

"ಆಗೋದಿಲ್ಲ ಅಮ್ಮ. ಮನೆ ಯಾರದ್ದೋ ಸಾಲವೂ ಅವರದ್ದೇ ಇರ್ಬೇಕು, ಆಗ ಮಾತ್ರ ಕಡಿತ. ನಿನ್ನ ಹೆಸರಿಗೆ ಹೋದ್ರೆ ಎಲ್ಲ ಹೋಯ್ತು."

ಮುದುಕಿ ಅಷ್ಟಕ್ಕೆ ಬಿಡಲಿಲ್ಲ. ಕೊಡೆ ಹಿಡಿದು ನೇರ ಶಾಲೆಗೆ ಹೋಗಿ ಚಂದ್ರಶೇಖರಪ್ಪನವರ ಎದುರು ಕುಳಿತರು. "ಅಲ್ಲ ಸ್ವಾಮಿ, ಒಂದು ಮನೆಗೆ ಯಜಮಾನ ಅಂದ್ರೆ ಯಾರು?"

ಹೆಡ್ ಮೇಷ್ಟ್ರು ತಲೆ ಕೆರೆದುಕೊಂಡರು. "ಕಾಗದದಲ್ಲಿ ನಿಮ್ಮ ಮಗ. ಆದ್ರೆ ಮನೆ ಅಂದ್ಮೇಲೆ ಹಿರಿಯರೇ ಯಜಮಾನರು ಅಮ್ಮ. ಅದಕ್ಕೆಲ್ಲ ಕಾಗದ ಯಾರು ನೋಡ್ತಾರೆ?"

ಇಷ್ಟು ಸಾಕಾಗಿತ್ತು. ಕಾಗದ ನೋಡುವವರು ಬೇರೆ, ಕರೆದೊಯ್ಯಲು ಬರುವ ಯಮ ಬೇರೆ. ಬರುವವನು ನಾಲ್ಕು ಜನ ಯಾರನ್ನು ಯಜಮಾನರು ಎನ್ನುತ್ತಾರೋ ಅವರನ್ನೇ ಹುಡುಕಿ ಬರುತ್ತಾನೆ. ಮನೆಗೆ ಬಂದು ತ್ರಿಪುರಸುಂದರಮ್ಮ ಷರತ್ತು ಹಾಕಿದರು. ಮೆಟ್ಟಿಲು ಕಟ್ಟಬಹುದು. ಆದರೆ ಕೊನೆಯ ಕರಣೆ ಸಿಮೆಂಟು ಹಾಕುವುದು ತಾನು. ಸೆಕ್ರೆಟರಿಯ ಎದುರು, ಓಣಿಯವರ ಎದುರು ಈ ಮನೆಯ ಯಜಮಾನಿ ತಾನೇ ಎಂದು ಹೇಳುವುದೂ ತಾನೇ. ಭಟ್ಟರಿಗೆ ಹಾಲು ಕುಡಿದಷ್ಟು ಖುಷಿಯಾಯಿತು. ಇಷ್ಟು ಅಗ್ಗದಲ್ಲಿ ಬಗೆಹರಿಯಿತಲ್ಲ ಎಂದು ನಕ್ಕು ಒಪ್ಪಿಕೊಂಡರು. ತಾವು ಒಪ್ಪಿಕೊಂಡದ್ದು ಏನನ್ನು ಎಂದು ಒಂದು ಗಳಿಗೆಯೂ ಯೋಚಿಸಲಿಲ್ಲ. ಓದಿದವರು ಹೀಗೆಯೇ, ನಂಬದ ವಿಷಯವನ್ನು ಯೋಚಿಸುವ ಗೋಜಿಗೇ ಹೋಗುವುದಿಲ್ಲ.

ಗುರುವಯ್ಯ ಕಟ್ಟಿ, ಅಮ್ಮ ಕೊನೆಯ ಕರಣೆ ಹಾಕಿದ ಮೆಟ್ಟಿಲು ಒಣಗಿ, ಮಾರ್ಚಿನ ಕೊನೆಯ ವಾರದಲ್ಲಿ ಶಶಿಧರ್ ಬಂದ. ಎಣಿಸಿದ. ಗುದ್ದಿದ. ಹತ್ತಿ ಇಳಿದು ಮತ್ತೆ ಹತ್ತಿದ. "ಸರಿ, ಯಜಮಾನರು ಯಾರು, ಇಲ್ಲೊಂದು ಸೈನ್ ಮಾಡಿ" ಎಂದ.

"ನಾನು!" ಎಂದರು ತ್ರಿಪುರಸುಂದರಮ್ಮ. ಕಾಫಿ ಒಣಗಿಸುವ ಕಣದವರೆಗೂ ಕೇಳಿಸುವ ಹಾಗೆ ಕೂಗಿದರು. "ಈ ಮನೆಗೆ ಯಜಮಾನಿ ನಾನು, ತ್ರಿಪುರಸುಂದರಿ! ಎಲ್ಲರೂ ಕೇಳಿಸ್ಕೊಳ್ಳಿ! ಮಾಣಿ ಯಜಮಾನ ಅಲ್ಲ, ಅವನಿಗೂ ಮನೆಗೂ ಎಂಥ ಸಂಬಂಧವೂ ಇಲ್ಲ!"

ಶಶಿಧರ್ ಪೆನ್ನು ಹಿಂದಕ್ಕೆ ಎಳೆದುಕೊಂಡ. ಭಟ್ಟರು ನಡುವೆ ನುಗ್ಗಿದರು. "ಅದು ಬಾಯಿಮಾತಿಗೆ ಸಾರ್, ದೇವರಿಗೆ ಹೇಳ್ತಿರೋದು, ಕಾಗದಕ್ಕಲ್ಲ" ಎಂದು ಅವನನ್ನು ಒಳಗೆ ಕರೆದು, ಕೋಡುಬಳೆ ತಿನ್ನಿಸಿ, ತಾವು ಸೈನ್ ಮಾಡಿ, ಸರ್ಟಿಫಿಕೇಟ್ ಕೈಗೆ ಬರುವಷ್ಟರಲ್ಲಿ ಅಂಗಿ ಒದ್ದೆಯಾಗಿತ್ತು. ಹೆಡ್ ಮೇಷ್ಟ್ರು ಅದನ್ನು ನೋಡಿ, "ಗೆದ್ರಿ ಭಟ್ರೇ" ಎಂದು ಕೈಕುಲುಕಿದರು.

ಮನೆಯಲ್ಲಿ ತ್ರಿಪುರಸುಂದರಮ್ಮ ಹೊರಡುವ ತಯಾರಿ ನಡೆಸಿದ್ದರು.

ಯಾವ ರಗಳೆಯೂ ಇಲ್ಲದೆ, ತವರಿಗೆ ಹೋಗುವವರ ಹಾಗೆ. ಕಿವಿಯ ಓಲೆ ಬಿಚ್ಚಿ ಗಾನಶ್ರೀಗೆ ಕೊಟ್ಟರು. ಉಪ್ಪಿನಕಾಯಿಗೆ ಮಿಡಿ ಯಾರಲ್ಲಿ ತರಬೇಕು, ಉಪ್ಪು ಎಷ್ಟು ಎಂದು ಪ್ರೇಮಕುಮಾರಿಗೆ ಒಪ್ಪಿಸಿದರು. ಎಳೆ ಹಲಸಿನಕಾಯಿಯ ಹುಳಿ ಮಾಡಿಸಿಕೊಂಡು ಉಂಡರು. ಒಂದು ಮಧ್ಯಾಹ್ನ ಕಪಾಟಿನಿಂದ ಆ ಒಂದು ತೋಳಿನ ಸ್ವೆಟರ್ ತೆಗೆದು, ಇನ್ನೊಂದು ತೋಳನ್ನೂ ಹೆಣೆಯಲು ಕುಳಿತರು. ಭಟ್ಟರು ಮೊದಲ ದಿನ ನಕ್ಕರು. ಎರಡನೇ ದಿನ ನಗು ಅಷ್ಟು ಸಲೀಸಾಗಿ ಬರಲಿಲ್ಲ. ಸ್ವೆಟರ್ ಕಂಡಾಗ ಕೇಳಿಯೇಬಿಟ್ಟರು.

"ಎಂತಕ್ಕೆ ಅದೆಲ್ಲ ಈಗ?"

"ಇನ್ನೆಂಥಕ್ಕೆ ಬಾಕಿ ಇಡೋದು? ಯಜಮಾನಿ ನಾನು ಅಂತ ಹೇಳಿ ಆಯ್ತಲ್ಲ. ಅವನು ಬಂದ್ರೆ ನನ್ನ ಹತ್ರ ಬರ್ತಾನೆ, ನೀನು ನಿಶ್ಚಿಂತೆಯಲ್ಲಿ ಕಡಿತ ಮಾಡ್ಕೋ" ಎಂದರು ಅಮ್ಮ, ಹೆಣಿಗೆಯಿಂದ ಕಣ್ಣೆತ್ತದೆ.

ಭಟ್ಟರಿಗೆ ಆಗ ಅರ್ಥವಾಯಿತು. ಇಷ್ಟು ದಿನ ಅಮ್ಮ ಕಾದಿದ್ದು ಮೆಟ್ಟಿಲನ್ನಲ್ಲ, ಮಗನನ್ನು. ಕೊನೆಗೆ ಕಾಯುವುದಕ್ಕೆ ಬೇರೆ ದಾರಿ ಕಾಣದೆ ಮಗನ ಜಾಗದಲ್ಲಿ ತಾನೇ ಬಂದು ನಿಂತಿದ್ದಾಳೆ. ತಾವು ಕೋಡುಬಳೆ ತಿನ್ನಿಸಿ ಅದಕ್ಕೆ ಸರ್ಟಿಫಿಕೇಟ್ ತೆಗೆದುಕೊಂಡು ಬಂದಿದ್ದರು. ನಾಚಿಕೆಯಿಂದ ಅವರಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಸರ್ಟಿಫಿಕೇಟ್ ಬಂದು ವಾರ ತುಂಬುವ ಹಿಂದಿನ ದಿನ ತ್ರಿಪುರಸುಂದರಮ್ಮನಿಗೆ ಜ್ವರ ಬಂತು. ಡಾಕ್ಟರು ಬಂದು ನೋಡಿ, ಹವೆ ಬದಲಾದದ್ದಕ್ಕೆ, ಊರಿಗೆಲ್ಲ ಇದೆ ಎಂದರು. ಊರಿಗೆಲ್ಲ ಇದೆ ಎನ್ನುವ ಮಾತು ಕೇಳಿ ಭಟ್ಟರಿಗೆ ಅಪ್ಪನ ಕಾಮಾಲೆ ನೆನಪಾಯಿತು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ ಮನುಷ್ಯ ಅಂದು ಶಾಲೆಗೆ ರಜೆ ಹಾಕಿ, ನೇರ ಗುರುವಯ್ಯನ ಮನೆಗೆ ಹೋಗಿ, ಚಾಣ ಮತ್ತು ಸುತ್ತಿಗೆ ಕೇಳಿ ತಂದರು. ಹಾಡಹಗಲು, ಪಂಚೆ ಎತ್ತಿ ಕಟ್ಟಿ, ಮೇಲಿನ ಮೆಟ್ಟಿಲ ಮೂಲೆಗೆ ಚಾಣ ಇಟ್ಟು ಬಡಿದರು. ಗುರುವಯ್ಯ ಈ ಸಲ ಗಟ್ಟಿಯಾಗಿಯೇ ಕಟ್ಟಿದ್ದ. ಸಿಮೆಂಟಿನ ಕಿಡಿ ಹಾರಿ ಹಣೆಗೆ ಬಡಿಯಿತು. ಭಟ್ಟರು ಬಿಡಲಿಲ್ಲ.

ಅದೇ ಹೊತ್ತಿಗೆ ಶಶಿಧರನ ಬೈಕು ಓಣಿಯಲ್ಲಿ ಬಂದು ನಿಲ್ಲಬೇಕೇ! ಅವನು ಬಾಯಿ ತೆರೆದು ನೋಡಿದ. "ಸಾರ್, ಏನ್ ಮಾಡ್ತಿದೀರಿ?"

"ರಿಪೇರಿ" ಎಂದರು ಭಟ್ಟರು.

ಶಶಿಧರ್ ಯೋಚಿಸಿದ. ಅವನ ಮುಖ ನಿಧಾನಕ್ಕೆ ತಿಳಿಯಾಯಿತು. "ರಿಪೇರಿ ಆದ್ರೆ ತೊಂದ್ರೆ ಇಲ್ಲ ಸಾರ್. ಪೂರ್ತಿ ಆದ ಮನೆಗೆ ತಾನೇ ರಿಪೇರಿ ಆಗೋದು" ಎಂದು ಬೈಕು ಹತ್ತಿ ಹೋದ.

ಸದ್ದಿಗೆ ತ್ರಿಪುರಸುಂದರಮ್ಮ ಕಂಬಳಿ ಹೊದ್ದು, ಗೋಡೆ ಹಿಡಿದುಕೊಂಡು ಜಗುಲಿಗೆ ಬಂದರು. ಹಿಂದೆಯೇ ಪ್ರೇಮಕುಮಾರಿ. "ಎಂತದು ಮಾರಾಯ, ಸರ್ಟಿಫಿಕೇಟ್ ಸಿಕ್ಕಿದ ಮನೇನ ಯಾಕೆ ಒಡೀತಾ ಇದ್ದಿ?" ಎಂದರು ಅಮ್ಮ.

ಭಟ್ಟರು ತಲೆ ಎತ್ತಲಿಲ್ಲ. ಕಣ್ಣಲ್ಲಿ ನೀರು ತುಂಬಿ ಚಾಣದ ತುದಿಯೇ ಕಾಣುತ್ತಿರಲಿಲ್ಲ. "ಒಡೀತಿಲ್ಲ ಅಮ್ಮ. ಬಾಕಿ ಇಡ್ತಾ ಇದೀನಿ."

"ನೀನು ಇದನ್ನೆಲ್ಲ ನಂಬೋದಿಲ್ಲವಲ್ಲ."

"ನಂಬೋದಿಲ್ಲ" ಎಂದರು ಭಟ್ಟರು, ಇನ್ನೊಂದು ಏಟು ಹಾಕಿ. "ನೀನು ಒಳಗೆ ಹೋಗಿ ಮಲ್ಕೋ."

ತ್ರಿಪುರಸುಂದರಮ್ಮ ಮಲಗಲು ಹೋಗಲಿಲ್ಲ. ಪ್ರೇಮಕುಮಾರಿಯ ಹೆಗಲು ಹಿಡಿದು ಮೆಲ್ಲಗೆ ಕೆಳಗೆ ಕುಳಿತು, ಒಡೆದ ಮೂಲೆಯನ್ನು ಬೆರಳಿನಿಂದ ಸವರಿ ನೋಡಿದರು. ಅಡಿಕೆ ಹೋಳಿನಷ್ಟು ಸಿಮೆಂಟು ಎದ್ದಿತ್ತು.

"ಇಷ್ಟು ಸಾಕಾಗೋದಿಲ್ಲ ಮಾಣಿ" ಎಂದರು. "ಇನ್ನೊಂಚೂರು ಒಡಿ. ಅವನಿಗೂ ವಯಸ್ಸಾಗಿದೆ, ಕಣ್ಣಿಗೆ ಕಾಣ್ಬೇಕಲ್ಲ." ಆಮೇಲೆ ಸೊಸೆಯ ಕಡೆ ತಿರುಗಿ, "ಆ ಸ್ವೆಟರ್ ತಗೊಂಡು ಬಾ. ಆ ತೋಳು ಬಿಚ್ಬೇಕು" ಎಂದರು.